ಏಳು ಗಂಟೆಯ ಹಳದಿ

ಅಂಜಿಕೆ ನನ್ನ ಹುಟ್ಟುಗುಣ. ಬಸ್ಸು ಹತ್ತು ನಿಮಿಷ ತಡವಾದರೆ ಅದು ಹಳ್ಳಕ್ಕೆ ಬಿದ್ದಿರಬೇಕು ಎಂದೇ ನನ್ನ ಎಣಿಕೆ. ಔರಾದಿನ ಹೈಸ್ಕೂಲಿನಲ್ಲಿ ವರ್ಷಗಟ್ಟಲೆಯಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಅಂಕಿ ಕಣ್ಣೆದುರು ಇದ್ದರೆ ಸ್ವಲ್ಪ ಸಮಾಧಾನ, ಇಲ್ಲದಿದ್ದರೆ ಜೀವ ಬಾಯಿಗೆ ಬರುತ್ತದೆ. ಇಂಥವಳ ಕೈಗೆ ಮಗಳ ರಕ್ತದೊಳಗಿನ ಸಕ್ಕರೆಯನ್ನು ಐದೈದು ನಿಮಿಷಕ್ಕೊಮ್ಮೆ ತೋರಿಸುವ ಫೋನು ಬಂತು. ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು ಎಂದು ನನ್ನ ಗಂಡ ಈಗಲೂ ಆಡಿಕೊಳ್ಳುತ್ತಾರೆ.

ಮಗಳಿಗೆ ಒಂಬತ್ತನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂತು, ಜೀವನಪೂರ್ತಿ ಇನ್ಸುಲಿನ್ ಚುಚ್ಚಿಕೊಳ್ಳಬೇಕಾದ ಬಗೆಯದು. ಡಿಗ್ರಿ ಓದಲು ಅವಳು ಬೀದರಿನ ಹಾಸ್ಟೆಲಿಗೆ ಹೊರಟಾಗ ತೋಳಿಗೆ ನಾಣ್ಯದಷ್ಟಗಲದ ಸೆನ್ಸರ್ ಅಂಟಿಸಿ ಕಳಿಸಿದೆವು. ಅದು ಅಳೆದ ಅಂಕಿ ಅವಳ ಫೋನಿಗೂ ನನ್ನ ಫೋನಿಗೂ ಬರುತ್ತಿತ್ತು. ನೂರೆಂಬತ್ತು ದಾಟಿದರೆ ಕಣ್ಣಿಗೆ, ಕಿಡ್ನಿಗೆ ನಿಧಾನವಾಗಿ ಪೆಟ್ಟು. ಎಪ್ಪತ್ತರ ಕೆಳಗಿಳಿದರೆ ಕೈನಡುಕ, ಬೆವರು, ಇನ್ನೂ ಇಳಿದರೆ ಎಚ್ಚರ ತಪ್ಪಬಹುದು. ಹೆಚ್ಚಾದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ನನ್ನ ಅಂಜಿಕೆಯೆಲ್ಲ ಕಡಿಮೆಯಾಗುವುದರ ಬಗ್ಗೆಯೇ.

ಅವಳು ಹೋದ ಎರಡನೆಯ ವಾರ, ಸಂಜೆ ಹೊತ್ತು, ಫೋನಿನಲ್ಲಿ ಐವತ್ತನಾಲ್ಕು ಎಂದು ಬಂತು. ಕರೆ ಮಾಡಿದರೆ ಎತ್ತಲಿಲ್ಲ. ಆರು ಸಲ ಮಾಡಿದೆ. ಕೊನೆಗೆ ಪಕ್ಕದ ಮನೆಯವರ ಜೀಪು ಹೊರಡಿಸಿಕೊಂಡು ಬೀದರಿಗೆ ಹೋಗಿ ಹಾಸ್ಟೆಲಿನ ಗೇಟು ಬಡಿದೆ. ನನ್ನ ಕೂಗಾಟಕ್ಕೆ ವಾರ್ಡನ್ ಬಂದರು, ಹುಡುಗಿಯರೆಲ್ಲ ಬಂದರು, ಕಣ್ಣುಜ್ಜಿಕೊಳ್ಳುತ್ತಾ ಮಗಳೂ ಬಂದಳು. ಸೆನ್ಸರ್ ಇದ್ದ ತೋಳಿನ ಮೇಲೆ ಮಲಗಿ ನಿದ್ದೆ ಹೋಗಿದ್ದಳು ಅಷ್ಟೆ. ಹಾಗೆ ಅದುಮಿದರೆ ಅದು ಸುಳ್ಳು ಅಂಕಿ ತೋರಿಸುತ್ತದಂತೆ. ಆ ದಿನ ಮಗಳು ನನ್ನ ಮುಖ ನೋಡಲಿಲ್ಲ. ಮರುದಿನ ಒಂದು ಕರಾರು ಹಾಕಿದಳು. ದಿನಕ್ಕೆ ಒಂದೇ ಫೋನು, ಸಂಜೆ ಏಳಕ್ಕೆ.

ಒಪ್ಪಿಕೊಂಡೆ. ಏಳಾಗುತ್ತಿದ್ದಂತೆ ಮೊದಲು ಅಂಕಿ ನೋಡುತ್ತಿದ್ದೆ, ಆಮೇಲೆ ಫೋನು. ಅಂಕಿ ಯಾವತ್ತೂ ಕಡಿಮೆ ಇರುತ್ತಿರಲಿಲ್ಲ. ನಿಶ್ಚಿಂತೆಯಿಂದ ಮಾತಾಡಿ, ಫೋನು ಗೂಡಿನಲ್ಲಿಟ್ಟು, ರೊಟ್ಟಿ ಬಡಿಯಲು ಕೂರುತ್ತಿದ್ದೆ. ದಿನದಲ್ಲಿ ನನಗೆ ನೆಮ್ಮದಿ ಸಿಗುತ್ತಿದ್ದುದು ಆ ಒಂದು ಗಳಿಗೆಯಲ್ಲಿ ಮಾತ್ರ.

ಮೂರು ತಿಂಗಳಾದ ಮೇಲೆ ಬೀದರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ಸರಾಸರಿ ಸಕ್ಕರೆ ಏರಿದೆ ಎಂದರು ಡಾಕ್ಟರು. ಕದ್ದು ಏನಾದರೂ ತಿನ್ನುತ್ತೀಯಾ ಎಂದು ಕೇಳಿದರೆ ಮಗಳು ಇಲ್ಲವೆಂದು ತಲೆಯಾಡಿಸಿದಳು. ಇನ್ನೊಂದು ತಿಂಗಳು ನೋಡಿ ಇನ್ಸುಲಿನ್ ಹೆಚ್ಚಿಸೋಣ ಎಂದು ಅವರು ಚೀಟಿ ಬರೆದರು. ಹೊರಗೆ ಬಂದವಳೇ ನಾನು ನನ್ನ ತೀರ್ಪು ಹೇಳಿದೆ. ಮುಂದಿನ ಸಲವೂ ಇದೇ ಹಾಡಾದರೆ ಹಾಸ್ಟೆಲ್ ಸಾಕು, ಟ್ರಂಕು ಕಟ್ಟಿಕೊಂಡು ಔರಾದಿಗೆ ಬಾ, ಓದು ಮನೆಯಲ್ಲೇ ಕೂತು ಮುಗಿಸು. ಅವಳು ಅತ್ತಳು. ನನ್ನ ಮನಸ್ಸು ಕರಗಲಿಲ್ಲ.

ಆ ಕರಾರಿನ ದಿನದಿಂದೀಚಿನ ಮೂರು ತಿಂಗಳ ಅಂಕಿಗಳನ್ನೆಲ್ಲ ಫೋನಿನಿಂದ ಇಳಿಸಿಕೊಂಡದ್ದು ಆಗಲೇ. ಸಾವಿರಾರು ಸಾಲು. ಅರ್ಧರ್ಧ ತಾಸಿಗೆ ಒಂದು ಚೌಕ, ದಿನಕ್ಕೆ ಒಂದು ಸಾಲು ಎಂದು ಮಾಡಿಕೊಂಡು ಗ್ರಾಫ್ ಹಾಳೆಯಲ್ಲಿ ಬಣ್ಣ ತುಂಬತೊಡಗಿದೆ. ಸರಿಯಿದ್ದರೆ ನೀಲಿ, ಕಡಿಮೆಯಾದರೆ ಕೆಂಪು, ಹೆಚ್ಚಾದರೆ ಹಳದಿ. ದಸರಾ ರಜೆಗೆ ಭಾಲ್ಕಿಯ ತವರಿಗೆ ಹೋದಾಗ ಆ ಹಾಳೆಗಳನ್ನೂ ಒಯ್ದೆ. ನನ್ನ ಸೋದರಮಾವ ಅಲ್ಲಿ ಜಮಖಾನ ನೇಯುತ್ತಾರೆ. ಹಾಳೆ ನೋಡಿ ಅವರು ಕಾಯಿಲೆ ಕೇಳಲಿಲ್ಲ, ಅಂಕಿ ಕೇಳಲಿಲ್ಲ. ಇದು ನಕ್ಷೆ, ನೇಯಬಹುದು ಎಂದರು. ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಮಾತಿಗೆ ಬಗ್ಗದವಳು ಬಟ್ಟೆಗಾದರೂ ಬಗ್ಗಲಿ, ತಾನು ಮಾಡಿದ್ದನ್ನು ಮಾರುದ್ದ ಹಾಸಿ ತೋರಿಸುತ್ತೇನೆ ಎಂದುಕೊಂಡೆ. ಪ್ರೀತಿಯಿಂದ ನೇಯಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅದು ಚಾರ್ಜ್‌ಶೀಟು.

ಮಾವನ ಮಗ್ಗದಲ್ಲಿ ಒಂದು ಪದ್ಧತಿಯಿದೆ. ಒಬ್ಬರು ನಕ್ಷೆ ಓದಬೇಕು, ಒಬ್ಬರು ನೇಯಬೇಕು. ಓದಿದ್ದನ್ನು ನೇಯುವವರು ತಿರುಗಿ ಹೇಳಿದ ಮೇಲೇ ಮುಂದಿನದು. ನಾನು "ನೀಲಿ ಆರು" ಎನ್ನುವುದು, ಅವರು "ನೀಲಿ ಆರು" ಎಂದು ಹಾಸಿನ ಎಳೆಗಳ ನಡುವೆ ದಾರ ತೂರಿಸಿ, ಪಂಜಾ ಎನ್ನುವ ಕಬ್ಬಿಣದ ಹಣಿಗೆಯಿಂದ ಕುಟ್ಟಿ ಕೂಡಿಸುವುದು. ಬಣ್ಣ ಬದಲಾದಲ್ಲೆಲ್ಲ ಬೇರೆ ದಾರದ ಉಂಡೆ. ಬಣ್ಣ ಮುಗಿದಲ್ಲಿ ದಾರ ಕತ್ತರಿಸಿ ಗಂಟು. ದಿನಗಳು ಹೀಗೆ ಹೆಬ್ಬೆರಳಗಲದ ಪಟ್ಟಿಗಳಾಗಿ ಏರುತ್ತಿದ್ದವು. ಕೆಂಪು ಬಂದಾಗಲೆಲ್ಲ ಮಾವ ತಿರುಗಿ ಹೇಳುವ ತನಕ ಉಸಿರು ಬಿಡುತ್ತಿರಲಿಲ್ಲ.

ಇಪ್ಪತ್ತನೆಯ ಸಾಲೋ ಏನೋ ಇರಬೇಕು. ಮಾವ ಪಂಜಾ ಕೆಳಗಿಟ್ಟರು.

"ನೀ ಓದೂಕಿಂತ ಮೊದಲೇ ನನ್ನ ಕೈ ಹಳದಿಗಿ ಹೋಗ್ತದ ನೋಡವ್ವಾ," ಎಂದರು. "ಉಳಿದ ಕಡಿ ದಾರ ಕಡದು ಕಡದು ಗಂಟ ಹಾಕೀನಿ. ಈ ಒಂದು ಉಂಡಿ ಮಾತ್ರ ಮೊದಲಿಂದ ಇಲ್ಲೇ ಜೋತು ಬಿದ್ದದ. ಈ ಹೊತ್ತಿನ್ಯಾಗ ಏನಾಗ್ತದ?"

ಚೌಕ ಎಣಿಸಿದೆ. ಸಂಜೆ ಏಳು, ಏಳೂವರೆ, ಎಂಟು. ಫೋನಿನಲ್ಲಿ ದಿನಕ್ಕೊಂದು ಗೆರೆ ನೋಡುತ್ತಿದ್ದವಳಿಗೆ ಇದು ಕಂಡಿರಲಿಲ್ಲ. ಏಳಕ್ಕೆ ಹೆಚ್ಚಿದ್ದರೂ ಕಡಿಮೆಯಿಲ್ಲವಲ್ಲ ಎಂದು ಸಮಾಧಾನ, ಎಂಟರದು ಊಟದ್ದು ಎನ್ನುವ ಲೆಕ್ಕ. ಹಾಳೆಗೆ ಬಣ್ಣ ತುಂಬುವಾಗಲೂ ಕಣ್ಣು ಹುಡುಕುತ್ತಿದ್ದುದು ಕೆಂಪನ್ನೇ. ಬಟ್ಟೆಯಲ್ಲಿ ಮಾತ್ರ ಹಳದಿ ಒಂದರ ಮೇಲೊಂದು ಕೂತು ಕಂಬವಾಗಿತ್ತು. ನಡುವೆ ಅಲ್ಲೊಂದು ಇಲ್ಲೊಂದು ಕಡೆ ಆ ಜಾಗದಲ್ಲಿ ನೀಲಿ. ಎಲ್ಲ ಶನಿವಾರ, ಭಾನುವಾರ, ಅವಳು ಔರಾದಿಗೆ ಬಂದಿದ್ದ ದಿನಗಳು. ಅಲ್ಲಿಗೆ ಪುರಾವೆ ಸಿಕ್ಕಿತು ಎಂದು ನನಗೆ ಒಂದು ಬಗೆಯ ಖುಷಿಯೇ ಆಯಿತು. ಮನೆಯಲ್ಲಿದ್ದರೆ ನೆಟ್ಟಗಿರುತ್ತಾಳೆ, ಹಾಸ್ಟೆಲಿನಲ್ಲಿ ಗೆಳತಿಯರ ಜೊತೆ ಸಂಜೆ ಸಮೋಸ ಹೊಡೆಯುತ್ತಾಳೆ. ಗಂಡನಿಗೆ ಫೋನು ಮಾಡಿ ಟ್ರಂಕು ತರಲು ಗಾಡಿ ನೋಡಿಟ್ಟಿರಿ ಎಂದೆ. ಮಗಳಿಗೆ ಕಾರಣ ಹೇಳದೆ ಶನಿವಾರ ಭಾಲ್ಕಿಗೆ ಬಾ ಎಂದೆ.

ಮಧ್ಯಾಹ್ನದ ರೈಲಿಗೆ ಬಂದಳು. ಮಗ್ಗದ ಮುಂದೆ ಕೂರಿಸಿ ನಾನು ಕಲಿತಿಟ್ಟುಕೊಂಡಿದ್ದ ಭಾಷಣವನ್ನೆಲ್ಲ ಒಪ್ಪಿಸಿದೆ. ಹಳದಿ ಕಂಬ ತೋರಿಸಿದೆ, ನೀಲಿ ಶನಿವಾರಗಳನ್ನು ತೋರಿಸಿದೆ. ನನ್ನ ದನಿ ಏರಿತ್ತು. ಅವಳು ಬಹಳ ಹೊತ್ತು ಆ ಹಳದಿಯ ಮೇಲೆ ಬೆರಳಾಡಿಸಿದಳು.

"ಇದು ನಿನ್ನ ಫೋನಿನ ಹೊತ್ತವ್ವಾ," ಎಂದಳು. "ಪ್ರಾಕ್ಟಿಕಲ್ ಮುಗಿಸಿ ನಡಕೊಂಡು ಬರೂದರಾಗ ಎಂಬತ್ತಕ್ಕ ಇಳಿದಿರ್ತದ. ಅದೇನು ಕಡಿಮಿ ಅಲ್ಲ, ಆದರ ನಿನಗ ಕಡಿಮಿ. ನೀ ನೋಡಿ ಮತ್ತ ಜೀಪ್ ತಗೊಂಡು ಬರ್ತಿ. ಅದಕ್ಕ ದಿನಾ ಆರೂವರಿಗಿ ಎರಡು ಪೇಡಾ ತಿಂತಿದ್ದೆ. ನೀ ಅಂಜಬಾರದಂತ."

ಮನೆಗೆ ಬಂದ ದಿನ ನಾನು ಅಂಕಿ ನೋಡುವುದಿಲ್ಲ, ಅವಳನ್ನೇ ನೋಡುತ್ತೇನೆ. ಆ ದಿನ ಪೇಡಾ ಬೇಕಿರಲಿಲ್ಲ.

ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಡಾಕ್ಟರ ಹತ್ತಿರ ಹುಡುಕಿದ್ದೆ, ಹಾಸ್ಟೆಲಿನ ಅಡುಗೆಮನೆಯಲ್ಲಿ ಹುಡುಕಿದ್ದೆ, ಅವಳ ಗೆಳತಿಯರಲ್ಲಿ ಹುಡುಕಿದ್ದೆ. ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಆಮೇಲೆ ನಾಚಿಕೆಯಾಯಿತು, ಅದು ಯಾರ ಬಗ್ಗೆ ಎಂಬುದು ಚೆನ್ನಾಗಿ ತಿಳಿಯಿತು. ಮೂರು ತಿಂಗಳು ನನ್ನ ನೆಮ್ಮದಿಯನ್ನು ಅವಳು ತನ್ನ ರಕ್ತದಿಂದ ತೂಗಿ ಕೊಟ್ಟಿದ್ದಳು. ಮಾವ ಪಂಜಾ ಎತ್ತಿಕೊಂಡು ಮುಂದಿನ ಸಾಲು ಓದು ಎಂದರು. ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಮಗಳೇ ಓದಿದಳು.

ಗಾಡಿ ಬೇಡವೆಂದು ಗಂಡನಿಗೆ ಹೇಳಿದೆ. ಭಾನುವಾರ ಮಗಳು ಬೀದರಿಗೆ, ನಾನು ಔರಾದಿಗೆ. ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳುವುದು, ಪೇಡಾ ನಿಲ್ಲಿಸುವುದು, ಏಳರ ಫೋನು ಹಾಗೇ ಇರುವುದು ಎಂದು ಮಾತಾಗಿತ್ತು. ಸೋಮವಾರ ಸಂಜೆ ಏಳಕ್ಕೆ ಫೋನು ತೆರೆದೆ. ಅರವತ್ತಾರು. ಇದು ನನಗಾಗಿ ಬೆಲ್ಲ ಹಚ್ಚದ ಅಂಕಿ. ದನಿ ನಡುಗಬಾರದೆಂದು ಒಂದು ಲೋಟ ನೀರು ಕುಡಿದು ಕರೆ ಹಚ್ಚಿದೆ. ಊಟಕ್ಕೇನು, ಪಾಠ ಹೇಗಾಯಿತು ಎಂದೆಲ್ಲ ಸುಮ್ಮನೆ ಕೇಳಿದೆ.

"ಅವ್ವಾ, ನಂಬರ್ ನೋಡಿದೇನು?" ಎಂದಳು.

"ನೋಡೀನಿ."

"ಅಂಜಿದೇನು?"

ಇಲ್ಲ ಎನ್ನಬೇಕೆಂದು ಬಾಯಿ ತೆರೆದಿದ್ದೆ. "ಅಂಜೀನಿ," ಎಂದೆ.

ಕಾಯಿಲೆ ಬಂದ ಇಷ್ಟು ವರ್ಷದಲ್ಲಿ ಅವಳು ಒಂದು ಸಲವೂ ಹೇಳದಿದ್ದ ಮಾತನ್ನು ಆಮೇಲೆ ಹೇಳಿದಳು.

"ನನಗೂ ಅಂಜಿಕಿ ಆಗ್ಲಿಕತ್ತದ. ಈಗ ಬಿಸ್ಕೀಟ್ ತಿಂತೇನಿ. ನೀ ಲೈನಿನ್ಯಾಗೇ ಇರು."

ಅವಳು ಬಿಸ್ಕೀಟು ಕಡಿಯುವ ಸದ್ದು ಕೇಳುತ್ತಾ ನಾನು ಲೈನಿನಲ್ಲೇ ಇದ್ದೆ.