ರಬ್ಬರ್ ಉಂಗುರಕ್ಕೆ ಜೆಲ್ಲಿ ಹಚ್ಚಲು ಹೇಳಿದವಳು

ಕಸ್ತೂರಿಬಾಯಿಗೆ ಆ ಜೆಲ್ಲಿ ಹಚ್ಚಲು ಹೇಳಿದವಳು ನಾನು. ನಾಲ್ಕು ವರ್ಷದ ಹಿಂದೆ ಮಾಲಕರ ಮುಂದೆ ನಿಂತು "ನಾ ಹೇಳಿಲ್ಲ" ಎಂದವಳೂ ನಾನೇ. ಅದರಿಂದ ಆಕೆಯ ಕೆಲಸ ಹೋಯಿತು. ಹೋದದ್ದು ಕೆಲಸವೊಂದೇ ಅಲ್ಲ — ಅದು ಮಾತ್ರ ನನಗೆ ತಿಳಿದದ್ದು ಈ ವರ್ಷ, ಕಮಲಾಪುರದಲ್ಲಿ, ಆಕೆಯ ಬಾಯಿಂದ.

ಏನು ನಡೆಯಿತು ಎಂದು ತಿಳಿಯಬೇಕಾದರೆ ನಮ್ಮ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು.

ಕಲಬುರಗಿಯ ಹೊರಗೆ, ಕೈಗಾರಿಕಾ ಪ್ರದೇಶದಲ್ಲಿ, ತಗಡಿನ ಛಾವಣಿಯ ಒಂದು ಸಣ್ಣ ಕಾರ್ಖಾನೆ ನಮ್ಮದು. ಮಾಲಕರು ವೀರಣ್ಣನವರು. ಮೊದಲು ಹೊಲಕ್ಕೆ ಔಷಧ ಹೊಡೆಯುವ ಪಂಪುಗಳಿಗೆ ಹೋಸು ಪೈಪು ಮಾಡುತ್ತಿದ್ದರು. ನಾನು ಸೇರುವ ಹೊತ್ತಿಗೆ ಡೇಟಾ ಸೆಂಟರುಗಳ ಕೆಲಸ ಬರತೊಡಗಿತ್ತು. ಡೇಟಾ ಸೆಂಟರ್ ಎಂದರೆ ಕಬ್ಬಿಣದ ಕಪಾಟುಗಳಲ್ಲಿ ಸಾವಿರಾರು ಕಂಪ್ಯೂಟರುಗಳನ್ನು ಸಾಲಾಗಿ ಕೂರಿಸಿದ ದೊಡ್ಡ ಕಟ್ಟಡ. ಅವು ಈಗ ಎಷ್ಟು ಬಿಸಿಯಾಗುತ್ತವೆಂದರೆ ಫ್ಯಾನಿನ ಗಾಳಿ ಸಾಲದು; ಬೆರಳು ಗಾತ್ರದ ಹೋಸುಗಳಲ್ಲಿ ತಂಪು ದ್ರವವನ್ನು ಒಳಗಿನವರೆಗೂ ಒಯ್ದು, ಬಿಸಿಯನ್ನು ಹೊತ್ತು ಹೊರತರಬೇಕು. ಕರೆಂಟು ಹರಿಯುವ ಯಂತ್ರದ ಒಡಲೊಳಗೆ ನೀರು! — ಮೊದಲ ಸಲ ಕೇಳಿದಾಗ ನಾನು ನಕ್ಕಿದ್ದೆ. ಆಮೇಲೆ ಆ ಸೋಜಿಗ ನನ್ನನ್ನು ಬಿಡಲಿಲ್ಲ.

ಹೋಸು ಸೋರುವುದು ಕಡಿಮೆ. ಸೋರುವುದು ಜೋಡಣೆಯ ಜಾಗ. ಕಂಪ್ಯೂಟರನ್ನು ರಿಪೇರಿಗೆ ಹೊರಗೆ ಎಳೆದರೆ ಹೋಸು ಬಿಚ್ಚಿಕೊಳ್ಳಬೇಕು, ಬಿಚ್ಚಿದ ಕೂಡಲೇ ಎರಡೂ ಬಾಯಿಗಳು ತಾವಾಗಿಯೇ ಮುಚ್ಚಿಕೊಳ್ಳಬೇಕು, ಒಂದು ಹನಿಯೂ ಬೀಳಬಾರದು. ಅಂಥ ಕನೆಕ್ಟರಿನ ವಿನ್ಯಾಸ ನನ್ನ ಕೆಲಸ. ಅದರೊಳಗೆ ಒಂದು ಕಪ್ಪು ರಬ್ಬರ್ ಉಂಗುರ ಇರುತ್ತದೆ — ಕುಕ್ಕರಿನ ಗ್ಯಾಸ್ಕೆಟ್ ಇದ್ದಂತೆ, ಆದರೆ ಕಿರುಬೆರಳಿಗೆ ಹಾಕಿಕೊಳ್ಳುವಷ್ಟು ಚಿಕ್ಕದು. ಹಿತ್ತಾಳೆ, ಉಕ್ಕು, ಸ್ಪ್ರಿಂಗು ಏನೇ ಇರಲಿ, ಕೊನೆಗೆ ನೀರು ತಡೆಯುವುದು ಆ ಉಂಗುರವೇ.

ಉಂಗುರ ಕೂರಿಸುತ್ತಿದ್ದವರು ಕಸ್ತೂರಿಬಾಯಿ. ಐವತ್ತರ ಹತ್ತಿರದ ಹೆಂಗಸು, ಕಮಲಾಪುರದವರು, ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಗಂಡನ ಜೊತೆ ಬಾಳೆ ತೋಟಗಳ ಪಂಪು ರಿಪೇರಿ ಮಾಡಿ ಕೈ ಪಳಗಿತ್ತು. ಉಂಗುರ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ನಾನು ಮಾಪಕ ಹಿಡಿದು ನೋಡುವಷ್ಟರಲ್ಲಿ ಆಕೆ ಹೆಬ್ಬೆರಳು ಸವರಿ ಹೇಳಿಬಿಡುತ್ತಿದ್ದರು. ಅದು ಹೇಗೆ ಗೊತ್ತಾಗುತ್ತದೆ ಎಂದು ಎಷ್ಟು ಸಲ ಕೇಳಿದ್ದೆನೋ — "ಕೈಗಿ ಗೊತ್ತಾಗ್ತದ್ರೀ" ಎನ್ನುವುದಕ್ಕಿಂತ ಹೆಚ್ಚು ಹೇಳಲು ಆಕೆಗೂ ಆಗುತ್ತಿರಲಿಲ್ಲ.

ಅದು ಚಳಿಗಾಲ. ಕನೆಕ್ಟರುಗಳ ದೊಡ್ಡ ಸರಕು ಕಳಿಸಬೇಕಿತ್ತು. ಉಂಗುರಗಳಿಗೆ ಹಚ್ಚುವ ಸರಿಯಾದ ಸಿಲಿಕೋನ್ ಗ್ರೀಸು ಮುಗಿದಿತ್ತು, ಹೊಸದು ಬರಲು ಎರಡು ದಿನ. ಒಣ ಉಂಗುರ ತಿರುಚಿಕೊಂಡು ಒಳಗೆ ಹೋಗಲೊಲ್ಲದು. ನನ್ನ ಬ್ಯಾಗಿನಲ್ಲಿ ತುಟಿಗೆ ಹಚ್ಚುವ ಪೆಟ್ರೋಲಿಯಂ ಜೆಲ್ಲಿಯ ಡಬ್ಬಿ ಇತ್ತು. ಬೆರಳಿನಿಂದ ತೆಗೆದು ಒಂದು ಉಂಗುರಕ್ಕೆ ಸವರಿ ತೋರಿಸಿದೆ. ಸರ್ರನೆ ಕೂತಿತು. "ಹಿಂಗ ಹಚ್ಚರಿ, ಸರಳ ಹೋಗ್ತದ," ಎಂದೆ. ಸಂಜೆಯೊಳಗೆ ಮತ್ತೆರಡು ಡಬ್ಬಿ ನಾನೇ ತಂದುಕೊಟ್ಟೆ. ಸರಕು ಹೊರಟುಹೋಯಿತು. ನಾನು ಮರೆತೆ — ನಿಜಕ್ಕೂ ಮರೆತೆ, ಈ ಒಂದು ವಿಷಯದಲ್ಲಿ ನನ್ನ ಮೇಲೆ ನನಗೆ ನಂಬಿಕೆ ಇದೆ.

ಬೇಸಿಗೆಯಲ್ಲಿ ದೂರು ಬಂತು. ದೂರದ ಊರಿನ ಗಿರಾಕಿ. ಅವರ ಸಿಬ್ಬಂದಿ ಕಂಪ್ಯೂಟರನ್ನು ಎಳೆದು ತಿರುಗಿ ಸೇರಿಸಿದಾಗ ಕನೆಕ್ಟರು ಸೋರಿತ್ತು. ಒಂದಲ್ಲ, ಹನ್ನೊಂದು. ಒಂದು ಇಡೀ ಕಪಾಟು ಬಂದ್ ಆಯಿತು. ಸರಕನ್ನೆಲ್ಲ ವಾಪಸು ಕಳಿಸಿದರು. ಕಾರಣ ಹುಡುಕುವ ಕೆಲಸ ನನಗೇ ಬಂತು.

ಆ ದಿನಗಳ ಬಗ್ಗೆ ಒಂದು ವಿಚಿತ್ರ ಹೇಳಬೇಕು — ನಾನು ಖುಷಿಯಲ್ಲಿದ್ದೆ. ಕನೆಕ್ಟರು ಬಿಚ್ಚಿ ನೋಡಿದರೆ ಉಂಗುರಗಳು ಉಬ್ಬಿದ್ದವು, ಅಂಚು ಹರಿದಿತ್ತು. ಯಾಕೆ ಉಬ್ಬಿದವು? ದ್ರವದಿಂದಲೋ? ಬಿಸಿಯಿಂದಲೋ? ರಬ್ಬರೇ ಕೆಟ್ಟದ್ದು ಬಂದಿತ್ತೋ? ಹೊಸ ಉಂಗುರಗಳನ್ನು ಗಾಜಿಪುರ ಬಡಾವಣೆಯ ನಮ್ಮ ಮನೆಗೇ ತಂದೆ. ಸ್ಟೀಲಿನ ಬಟ್ಟಲುಗಳಲ್ಲಿ ಒಂದೊಂದು ಬಗೆ — ತಂಪು ದ್ರವ, ಸಾಬೂನು ನೀರು, ಬರೀ ನೀರು. ಕಲಬುರಗಿಯ ಬಿಸಿಲಿಗಿಂತ ಒಳ್ಳೆಯ ಓವನ್ ಬೇಕೆ? ಮಾಳಿಗೆಯ ಮೇಲೆ ಸಾಲಾಗಿ ಇಟ್ಟೆ. ಅವ್ವ ಹಪ್ಪಳ ಒಣಗಿಸಲು ಬಂದವಳು ಬಗ್ಗಿ ನೋಡಿ, "ಏನ ಸುಮಾ ಇದು, ಬಟ್ಟಲದಾಗ ಕಪ್ಪ ಬಳಿ ನೆನಿ ಇಟ್ಟೀಯಲ್ಲ?" ಎಂದಳು.

ನಾಲ್ಕನೆಯ ಬಟ್ಟಲು ಖಾಲಿ ಇತ್ತು. ಅದರಲ್ಲಿ ಏನು ಹಾಕಲಿ ಎಂದು ಯೋಚಿಸುತ್ತ ನಿಂತಾಗ — ಆಗ ನೆನಪಾಯಿತು. ಆದರೂ ಕುತೂಹಲ ಎಂಥದ್ದೆಂದರೆ, ಒಳಗೆ ಹೋಗಿ ಡಬ್ಬಿ ತಂದು ಜೆಲ್ಲಿ ಹಾಕಿದೆ.

ಮೂರನೆಯ ದಿನ ಅಳೆದೆ. ಮೂರು ಬಟ್ಟಲುಗಳ ಉಂಗುರಗಳು ಇದ್ದ ಹಾಗೇ ಇದ್ದವು. ನಾಲ್ಕನೆಯದರಲ್ಲಿದ್ದುದು ದಪ್ಪಗಾಗಿ, ಮೆತ್ತಗಾಗಿ, ಉಗುರು ತಾಕಿದರೆ ಗೀರು ಬೀಳುವಂತಾಗಿತ್ತು. ನಾವು ಬಳಸುತ್ತಿದ್ದ ರಬ್ಬರು ನೀರಿಗೆ, ಬಿಸಿಗೆ ಜಗ್ಗುವುದಿಲ್ಲ. ಪೆಟ್ರೋಲಿಯಂ ಜಿಡ್ಡನ್ನು ಮಾತ್ರ ಕುಡಿದು ಉಬ್ಬುತ್ತದೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ನನಗೆ ಗೊತ್ತಿದ್ದ ಸಂಗತಿ! ಗೊತ್ತಿದ್ದದ್ದು ಆ ಚಳಿಗಾಲದ ಮಧ್ಯಾಹ್ನ ನನ್ನ ಬೆರಳಿನ ತುದಿಗೆ ಯಾಕೆ ಬರಲಿಲ್ಲ — ಇದನ್ನು ಇಂದಿಗೂ ಕೇಳಿಕೊಳ್ಳುತ್ತೇನೆ.

ವರದಿ ಬರೆದೆ. 'ಜೋಡಣೆಯ ವೇಳೆ ಅನುಮತಿಯಿಲ್ಲದ ಜಿಡ್ಡನ್ನು (ಪೆಟ್ರೋಲಿಯಂ ಜೆಲ್ಲಿ) ಬಳಸಲಾಗಿದೆ.' ವರದಿಯ ಭಾಷೆ ಎಷ್ಟು ಅನುಕೂಲದ್ದು — ಮಾಡಿದವರ ಹೆಸರಿಲ್ಲದೆಯೇ ಕೆಲಸ ನಡೆದುಹೋಗುತ್ತದೆ. ವಾಕ್ಯ ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ವೀರಣ್ಣನವರು ತಮ್ಮ ಕೋಣೆಗೆ ಕಸ್ತೂರಿಬಾಯಿಯನ್ನು ಕರೆಸಿದರು. ನಾನೂ ಅಲ್ಲೇ ಇದ್ದೆ.

"ಉಂಗುರಕ್ಕ ಜೆಲ್ಲಿ ಹಚ್ಚಂತ ನಿಮಗ ಯಾರ್ ಹೇಳಿದ್ರು?"

"ಮೇಡಮ್ಮೋರೇ ಹೇಳ್ಯಾರ್ರೀ."

ವೀರಣ್ಣನವರು ನನ್ನ ಕಡೆ ತಿರುಗಿದರು. "ಹೇಳೀರೇನು?"

"ಇಲ್ರೀ. ನಾ ಹೇಳಿಲ್ಲ."

ಆ ಮಾತು ಎಲ್ಲಿಂದ ಬಂತು? ಮೊದಲೇ ಸಿದ್ಧ ಮಾಡಿಕೊಂಡಿರಲಿಲ್ಲ. ಕೇಳುವ ಮೊದಲು ನಿಜ ಹೇಳುವವಳಿದ್ದೆ ಎಂದೂ ಅನಿಸುತ್ತದೆ. ಹಾಗೆ ಅನಿಸುವುದು ನನಗೆ ನಾನೇ ಕೊಡುವ ಲಂಚವೋ ಏನೋ... ಕಸ್ತೂರಿಬಾಯಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ನಾನು ಬಹುಶಃ ಒಪ್ಪಿಕೊಂಡುಬಿಡುತ್ತಿದ್ದೆ. ಆಕೆ ನನ್ನ ಮುಖವನ್ನೇ ನೋಡಿದರು, ಏನೋ ಅರ್ಥವಾಗದವರಂತೆ. "ಹೇಳಿದ್ರಲ್ರೀ...?" ಎಂದರು, ಮೆಲ್ಲಗೆ. ನಾನು ವರದಿಯ ಪುಟ ತಿರುವಿದೆ. "ಇಲ್ಲಂದ್ರ ಇಲ್ಲ ಬಿಡ್ರಿ. ನಾನೇ ತಪ್ಪ ತಿಳಕೊಂಡಿರಬೇಕು," ಎಂದು ಹೊರಗೆ ಹೋದರು. ಮರುದಿನದಿಂದ ಬರುವುದು ಬೇಡ ಎಂದು ವೀರಣ್ಣನವರು ಹೇಳಿ ಕಳಿಸಿದರು.

ನಾಲ್ಕು ವರ್ಷ. ನನ್ನ ಕನೆಕ್ಟರುಗಳು ಸೋರಲಿಲ್ಲ. ಆ ವರದಿಯನ್ನು ಹೊಸದಾಗಿ ಸೇರಿದವರಿಗೆಲ್ಲ ಪಾಠದಂತೆ ಓದಿಸುತ್ತಿದ್ದೆವು — 'ಜಿಡ್ಡಿನ ಆಯ್ಕೆ ಎಷ್ಟು ಮುಖ್ಯ ನೋಡಿರಿ' ಎಂದು ನಾನೇ ಹೇಳುತ್ತಿದ್ದೆ!

ಈ ವರ್ಷ ಪರೀಕ್ಷಾ ವಿಭಾಗಕ್ಕೆ ನಜ್ಮಾ ಎಂಬ ಎಂಜಿನಿಯರ್ ಬಂದರು. ನಮ್ಮೂರಿನ ಶಹಾಬಜಾರದವರೇ, ಬೇರೆ ಕಡೆ ಹತ್ತು ವರ್ಷ ದುಡಿದು ಬಂದವರು. ವರದಿ ಓದಿ ಮುಗಿಸಿ, ಯಾವ ಅನುಮಾನವೂ ಇಲ್ಲದೆ, ಬರೀ ತಿಳಿಯುವ ಆಸೆಯಿಂದ ಕೇಳಿದರು: "ಮೇಡಂ, ಆ ಜೆಲ್ಲಿ ಕಾರ್ಖಾನಿ ಒಳಗ ಬಂತ ಹ್ಯಾಂಗ? ಅದ ಇಲ್ಲಿ ಬರೂದೇ ಇಲ್ಲಲ್ಲ?"

ನಾಲ್ಕು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಕಾರಣ ಹುಡುಕುವವಳು ನಾನೇ ಆಗಿದ್ದಾಗ ಕೇಳುವವರು ಯಾರು? ಆ ಭಾನುವಾರ ಕಮಲಾಪುರದ ಬಸ್ಸು ಹತ್ತಿದೆ.

ಬಸ್ ನಿಲ್ದಾಣದಲ್ಲಿ ಇಳಿದು ವಿಚಾರಿಸಿದರೆ ಎದುರಿನ ಗೊಬ್ಬರದ ಅಂಗಡಿ ತೋರಿಸಿದರು. ಅಂಗಡಿಯ ಕಟ್ಟೆಯ ಮೇಲೆ ಕಸ್ತೂರಿಬಾಯಿ ಒಂದು ಪಂಪು ಬಿಚ್ಚಿಕೊಂಡು ಕೂತಿದ್ದರು. ಪಕ್ಕದಲ್ಲಿ ಕೆಂಪು ಬಾಳೆಯ ಗೊನೆ ಇಟ್ಟುಕೊಂಡ ಒಬ್ಬ ರೈತ ತನ್ನ ಪಂಪಿಗಾಗಿ ಕಾಯುತ್ತಿದ್ದ. ನನ್ನನ್ನು ನೋಡಿ ಆಕೆ ಗುರುತು ಹಿಡಿದರು, "ಬರ್ರಿ ಮೇಡಂ," ಎಂದರು — ಅಷ್ಟು ಸರಳವಾಗಿ! ರೈತ ಹೋಗುವವರೆಗೂ ನಾನು ಏನೇನೋ ಮಾತಾಡಿದೆ. ಆಮೇಲೆ ಹೇಳಿದೆ.

"ಕಸ್ತೂರಿಬಾಯೋರೆ, ಅವತ್ತ ನಾ ಸುಳ್ಳ ಹೇಳಿದ್ದೆ. ಜೆಲ್ಲಿ ಹಚ್ಚಂತ ನಿಮಗ ನಾನೇ ಹೇಳಿದ್ದೆ."

ಆಕೆ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟರು. "ಹೇಳಿದ್ರಿ?"

"ಹೇಳಿದ್ದೆ."

"ಖರೇ ಹೇಳಿದ್ರಿ?"

"ಖರೇ."

ಬಯ್ಯುತ್ತಾರೆ ಎಂದುಕೊಂಡಿದ್ದೆ. ಆಕೆ ರಸ್ತೆಯ ಕಡೆ ನೋಡುತ್ತ ಹೇಳಿದರು: "ನಾಕ ವರ್ಷ ಆತ್ರೀ. ಓದಿದವ್ರು, ಸುಳ್ಳ್ಯಾಕ ಹೇಳ್ತಾರ ಅಂತ ನನ್ನ ಕಿವಿ ಮ್ಯಾಲೇ ನನಗ ಅನುಮಾನ ಬಂತು. ನೀವ್ ಹೇಳಿದ್ದು ನಾ ಕೇಳೀನೋ, ಕನಸ ಬಿದ್ದದೋ ಅಂತ. ಅವತ್ತಿಂದ ಎಲ್ಲಾದ್ರಾಗೂ ಹಂಗೇ ಆಗ್ಯಾದ. ಬಾಗಲಾ ಹಾಕಿ ಬಂದ ಮ್ಯಾಲ ತಿರುಗಿ ಹೋಗಿ ನೋಡ್ತೇನಿ. ಗಿರಾಕಿ ಏನ್ ಹೇಳಿ ಹೋಗ್ಯಾನ ಅಂತ ಮನ್ಯವ್ರಿಗಿ ಎರಡೆರಡ ಸಲ ಕೇಳ್ತೇನಿ. ನನ್ನ ನೆಪ್ಪ ಕೆಟ್ಟದಂತ ಅವ್ರೂ ಅಂತಾರ, ನಾನೂ ಹೌದಂತೇನಿ."

ಆಕೆಯ ಕೆಲಸವೊಂದನ್ನೇ ಕಳೆದೆ ಎಂದು ತಿಳಿದಿದ್ದೆ. ಒಂದು ಉಂಗುರವನ್ನು ಸವರಿ ಸರಿ–ತಪ್ಪು ಹೇಳುತ್ತಿದ್ದವರಿಗೆ ತಮ್ಮ ಕಿವಿಯ ಮೇಲೆ, ನೆನಪಿನ ಮೇಲೆ ಇದ್ದ ನಂಬಿಕೆಯನ್ನೇ ನಾನು ಕಿತ್ತುಕೊಂಡಿದ್ದೆ — ಮತ್ತು ಅದು ನನಗೆ ಹೊಳೆದೂ ಇರಲಿಲ್ಲ. ಎಲ್ಲದಕ್ಕೂ ಕಾರಣ ಹುಡುಕುವ ನಾನು ಈ ಒಂದು ಮನೆಯ ಕಡೆ ನಾಲ್ಕು ವರ್ಷ ಇಣುಕಿ ನೋಡಿರಲಿಲ್ಲ.

ಆಕೆ ಅಂಗಡಿಯೊಳಗಿದ್ದ ಗಂಡನನ್ನು ಕೂಗಿದರು. "ಏನ್ರೀ, ಜರಾ ಹೊರಗ ಬರ್ರಿ. ಇವ್ರ ಏನ್ ಅಂತಾರ ಕೇಳ್ರಿ." ನನಗೆ, "ಹೇಳ್ರಿ ಮೇಡಂ, ಇನ್ನೊಮ್ಮೆ ಹೇಳ್ರಿ," ಎಂದರು. ಗಂಡನ ಮುಂದೆ, ಅಂಗಡಿಯವನ ಮುಂದೆ, ಗೊಬ್ಬರ ಕೊಳ್ಳಲು ಬಂದಿದ್ದ ಇಬ್ಬರ ಮುಂದೆ ಮತ್ತೊಮ್ಮೆ ಹೇಳಿದೆ. ಗಂಡ ಹೆಂಡತಿಯ ಕಡೆ ನೋಡಿ ತಲೆ ತಗ್ಗಿಸಿದ.

ಅವರೆಲ್ಲ ಒಳಗೆ ಹೋದ ಮೇಲೆ ಆಕೆ ಕೇಳಿದ ಮೊದಲ ಪ್ರಶ್ನೆ ನಾನು ಊಹಿಸಿರದ್ದು: "ಹಂಗಂದ್ರ ಆ ರಬ್ಬರ ಯಾಕ ಉಬ್ತದ್ರೀ? ನೀರಾಗ ಇಟ್ರ ಏನ್ ಆಗಂಗಿಲ್ಲ, ಜಿಡ್ಡ ಹತ್ತಿದ್ರ ಯಾಕ?" ನಾನು ಹೇಳಿದೆ — ರಬ್ಬರೂ ಜೆಲ್ಲಿಯೂ ಒಂದೇ ಕುಲದವು, ಜೆಲ್ಲಿ ಅದರೊಳಗೆ ನುಗ್ಗಿ ಜಾಗ ಮಾಡಿಕೊಳ್ಳುತ್ತದೆ, ನೀರಿಗೆ ಅಲ್ಲಿ ದಾರಿಯೇ ಇಲ್ಲ. ಆಕೆ ಪೂರ್ತಿ ಕೇಳಿಸಿಕೊಂಡರು, ನಡುವೆ ಎರಡು ಕಡೆ ತಡೆದು ಕೇಳಿದರು. ಆಮೇಲೆ, "ಮಾಲಕರಿಗಿ ಯಾವಾಗ ಹೇಳ್ತೀರಿ?" ಎಂದರು.

"ನಾಳಿ ಹೇಳ್ತೇನಿ."

"ಕಾಗದದಾಗ ಬರೀರಿ. ನಿಮ್ಮ ಬಾಯಿ ಮಾತ ಇನ್ನ ನಾ ನಂಬಂಗಿಲ್ಲ."

ಸೋಮವಾರ ವೀರಣ್ಣನವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಗಿದ್ದ ಆಗಿ ಹೋತು. ಈಗ್ಯಾಕ ಕೆದರಾಕತ್ತೀರಿ? ಗಿರಾಕಿಗಿ ಗೊತ್ತಾದ್ರ ನಮ್ಮ ಹೆಸರ ಏನ್ ಆಗ್ತದ?" ಎಂದರು. ಆದರೂ ಬರೆದೆ. ಹಳೆಯ ವರದಿಗೆ ಒಂದು ಪುಟ ಸೇರಿಸಿದೆ: ಜೆಲ್ಲಿ ತಂದವಳು ನಾನು, ಹಚ್ಚಲು ಹೇಳಿದವಳು ನಾನು, ವಿಚಾರಣೆಯಲ್ಲಿ ಸುಳ್ಳು ಹೇಳಿದವಳು ನಾನು. ಒಂದು ಪ್ರತಿ ಕಮಲಾಪುರಕ್ಕೆ ಕಳಿಸಿದೆ, ಕನ್ನಡದಲ್ಲಿ. ವಿನ್ಯಾಸಕ್ಕೆ ಸಹಿ ಹಾಕುವ ಅಧಿಕಾರವನ್ನು ವೀರಣ್ಣನವರು ನನ್ನಿಂದ ತೆಗೆದು ನಜ್ಮಾ ಅವರಿಗೆ ಕೊಟ್ಟರು. ಅದು ಸರಿ. ಕಸ್ತೂರಿಬಾಯಿಯನ್ನು ಮತ್ತೆ ಕೆಲಸಕ್ಕೆ ಕರೆದಿದ್ದಾರೆ. ಆಕೆ ಬರುತ್ತೇನೆ ಎಂದೂ ಹೇಳಿಲ್ಲ, ಬರುವುದಿಲ್ಲ ಎಂದೂ ಹೇಳಿಲ್ಲ.

ಹತ್ತು ದಿನದ ಮೇಲೆ ಆಕೆಯ ಫೋನು ಬಂತು.

"ನಿಮ್ಮ ಕಾಗದ ಓದಿಸಿ ಕೇಳಿದೆ ರೀ. ಬರಾಬರಿ ಅದ. ಆದ್ರ ಒಂದ ಮಾತ ಬಿಟ್ಟೀರಿ."

"ಯಾವ ಮಾತ್ರೀ?"

"ಕಾಗದ ಕೇಳಿದ ಮ್ಯಾಲ ನನಗ ಪೂರಾ ನೆಪ್ಪಾತು. ನೀವ್ ಹಚ್ಚಂದಾಗ ನಾ ಕೇಳಿದ್ದೆ — ಇದು ರಬ್ಬರಿಗಿ ನಡೀತದೇನ್ರೀ, ನಮ್ಮ ಪಂಪಿನ ವಾಶರಿಗಿ ಜಿಡ್ಡ ಹತ್ತಿದ್ರ ಕೆಟ್ಟ ಹೋಗ್ತಾವ ಅಂತ. ಕೇಳಿದ್ದೆನೋ ಇಲ್ಲೋ?"

ಕೇಳಿದ್ದರು. ಬಟ್ಟಲು ಹಿಡಿದು ನಿಂತ ಆ ಹೊತ್ತಿನಿಂದ ಅದನ್ನು ನಾನು ಒಂದು ದಿನವೂ ಮರೆತಿಲ್ಲ. ಮಾಲಕರಿಗೆ ಕೊಟ್ಟ ಪುಟದಲ್ಲಿ ಬರೆಯಲಿಲ್ಲ. ಇಲ್ಲಿ, ಆ ಚಳಿಗಾಲದ ದಿನದ ಕಥೆ ಹೇಳುವಾಗಲೂ ಅದನ್ನು ಬಿಟ್ಟೇ ಮುಂದೆ ಬಂದಿದ್ದೇನೆ. ತಪ್ಪು ಮಾಡಿದೆ ಎಂದು ಒಪ್ಪಿಕೊಳ್ಳಬಲ್ಲೆ. ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು ಎಂದು ಒಪ್ಪಿಕೊಳ್ಳಲು — ಅದಕ್ಕೆ ಬಾಯಿ ಬರಲಿಲ್ಲ. ಅಂದು ನಾನು ಕೊಟ್ಟ ಉತ್ತರವೂ ನೆನಪಿದೆ: "ನಾ ಅದೀನಲ್ಲ, ನೀವ್ ಹಚ್ಚರಿ."

"ಕೇಳಿದ್ರಿ," ಎಂದೆ ಫೋನಿನಲ್ಲಿ. "ನೀವ್ ಕೇಳಿದ್ರಿ. ನಾ ಕೇಳಿಸಿಕೊಳ್ಳಲಿಲ್ಲ."

"ಹಂಗಂದ್ರ ಅದನ್ನೂ ಬರೀರಿ."

ಆಕೆ ಫೋನು ಇಡಲಿಲ್ಲ, ಕಾದರು. ನಾನು ಕಡತ ತೆಗೆದು ಆ ಸಾಲನ್ನು ಸೇರಿಸಿ ಓದಿ ಹೇಳಿದೆ.

"ಇನ್ನೊಮ್ಮೆ ಓದ್ರಿ," ಎಂದರು.

ಇನ್ನೊಮ್ಮೆ ಓದಿದೆ.