ಹೊಳಪಿಗೆಂದು ಉಜ್ಜಿದ ನಂಬರು

೧೯೮೪ರಲ್ಲಿ ಏಳನೇ ತರಗತಿಗೇ ಓದು ಬಿಟ್ಟು, ಶಿಡ್ಲಘಟ್ಟದಲ್ಲಿ ಚಾಕು, ಮಚ್ಚುಗಳಿಗೆ ಹಿಡಿ ಹಾಕಲು ಕೂತೆ. ಹತ್ತು ವರ್ಷದ ಮೇಲೆ ಅಜ್ಜಿಯೊಬ್ಬರು ಹಿಪ್ಪುನೇರಳೆ ಸೊಪ್ಪು ಕತ್ತರಿಸುವ ಉದ್ದನೆಯ ಚಾಕು ತಂದರು.

"ಇದು ನಮ್ಮ ಯಜಮಾನ್ರು ಮಿಲಿಟರಿಯಿಂದ ತಂದ, ಬಂದೂಕಿನ ತುದಿಗೆ ಸಿಕ್ಕಿಸೋ ಬಯೊನೆಟ್ಟು. ಮೈದುನ ನಂಬಲ್ಲ, ಗುಜರಿಗೆ ಹಾಕು ಅಂತಾನೆ. ಇದರ ಮೇಲಿನ ಮಿಲಿಟರಿ ನಂಬರು ಹುಡುಕಿ ಕೊಡಪ್ಪ."

ಅಲಗಿನಲ್ಲಿ ಒಂದಕ್ಷರವೂ ಇರಲಿಲ್ಲ. ಹಿಡಿ ನೋಡಿದೆ. ಹಲಸಿನ ಮರ, ಮೂರು ಹಿತ್ತಾಳೆ ಮೊಳೆ, ನಾನೇ ಹಾಕಿದ್ದು. ಕೆಲಸದ ಹೊಸತರಲ್ಲಿ, ಹೊಳೆಯಲೆಂದು ಅಲಗಿನ ಮೇಲಿನ ಗುರುತುಗಳನ್ನೆಲ್ಲ ಅರದಿಂದ ಉಜ್ಜಿಬಿಡುತ್ತಿದ್ದೆ.

"ನಂಬರು ಅಳಿಸಿದವನು ನಾನೇ ಕಣಮ್ಮ. ಆದ್ರೆ ಹಿಡಿ ಹತ್ತಿರ ಈ ಅಡ್ಡಪಟ್ಟಿಯ ತೂತು ನೋಡಿ, ಬಂದೂಕಿನ ನಳಿಗೆ ಕೂರೋ ಜಾಗ. ಮೈದುನನ್ನ ಕರ್ಕೊಂಡ್ಬನ್ನಿ, ನಾನೇ ಹೇಳ್ತೀನಿ."

"ಹೊಳಪು ಮಾತ್ರ ಚೆನ್ನಾಗಿತ್ತು ಬಿಡಪ್ಪ" ಎಂದು ಅಜ್ಜಿ ನಕ್ಕರು. ಮೈದುನ ಬರಲೇ ಇಲ್ಲ.

ಈಗ ನನ್ನಲ್ಲಿ ಎರಡು ಸಾಣೆ ಯಂತ್ರ, ಹನ್ನೊಂದು ಅರ, ಅರ ಹಿಡಿಯುವ ಮೊದಲು ಗುರುತು ಬರೆದಿಡುವ ಒಂದು ನೋಟ್‌ಬುಕ್ ಇವೆ.