ಐದಕ್ಕೆ ಐದು

ನನ್ನ ಅಣ್ಣ ಪ್ರೇಮಣ್ಣ ಯಾರ ಮನೆಗೆ ಹೋದರೂ ನೀರು ಕುಡಿಯುವ ಮೊದಲೇ ಮಾಳಿಗೆ ಹತ್ತುತ್ತಿದ್ದ. ಆಂಟೆನಾವನ್ನು ಬೀದರಿನ ಕಡೆಗೆ ತಿರುಗಿಸಿ ಮೇಲಿಂದಲೇ ಕೂಗುತ್ತಿದ್ದ: “ಈಗ ಹ್ಯಾಂಗ ಅದ?” ನನ್ನ ಮದುವೆಯ ಮಾತುಕತೆಗೆ ಔರಾದಿನ ಈ ಗಂಡನ ಮನೆಗೆ ಬಂದ ದಿನವೂ ಇದೇ ಆಟ. “ಹೆಣ್ಣು ಕೊಡ್ಲಿಕ್ಕ ಬಂದೀರೋ, ಆಂಟೆನಾ ಮಾರ್ಲಿಕ್ಕೋ?” ಎಂದು ಅತ್ತೆಯಾಗುವವರು ಕೇಳಿದರೆಂದು ತಿಳಿದಾಗ ನನಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಅನ್ನಿಸಿತ್ತು.

ಅವನು ಬೀದರಿನ ಟಿವಿ ಪ್ರಸಾರ ಕೇಂದ್ರದಲ್ಲಿ ತಾತ್ಕಾಲಿಕ ಇಂಜಿನಿಯರ್. ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ಜನ ಗುಳೆ ಹೋಗುತ್ತಿದ್ದ ಆ ಬರಗಾಲದಲ್ಲಿ ಅವನು ನನ್ನ ಕೈಗೊಂದು ನೋಟ್‌ಬುಕ್ ಕೊಟ್ಟ. ದಿನಾ ಸಂಜೆ ವಾರ್ತೆಯ ಹೊತ್ತಿಗೆ ನಮ್ಮ ಮನೆಯ ಟಿವಿಯಲ್ಲಿ ಚಿತ್ರ ಎಷ್ಟು ಸ್ವಚ್ಛ ಬರುತ್ತದೆಂದು ನೋಡಿ ಅಂಕ ಬರೆಯಬೇಕು. ಬರೀ ಚುಕ್ಕಿ ಕಂಡರೆ ಒಂದು, ಸ್ವಚ್ಛ ಕಂಡರೆ ಐದು.

“ಮೂರು ತಿಂಗಳ ಬರಿ, ತಂಗಿ. ಈ ಸರ್ವೆ ಸರಿ ಮಾಡಿದ್ರ ನೌಕರಿ ಪಕ್ಕಾ ಮಾಡ್ತೀನಿ ಅಂದಾರ ಸಾಹೇಬರು.”

“ನೀರಿನ ಟ್ಯಾಂಕರ್ ಬರೋದು ಅದೇ ಹೊತ್ತಿಗಿ, ಅಣ್ಣಾ.”

“ಎರಡು ನಿಮಿಷ ನೋಡಿ ಹೋಗು.”

ಎರಡು ನಿಮಿಷವಂತೆ! ಎರಡು ನಿಮಿಷ ತಡವಾದರೆ ಖಾಲಿ ಕೊಡ ಹೊತ್ತು ಬರಬೇಕೆಂದು ಆ ಪುಣ್ಯಾತ್ಮನಿಗೇನು ಗೊತ್ತು? ಮೂರು ದಿನ ನೋಡಿ ಬರೆದೆ. ನಾಲ್ಕನೆಯ ದಿನ ಸಿಟ್ಟು ಬಂದು, ಮಧ್ಯಾಹ್ನ ಕುಳಿತು, ಮೂರೂ ತಿಂಗಳಿಗೆ ಐದು, ಐದು ಎಂದು ತುಂಬಿಸಿಬಿಟ್ಟೆ. ಅಂಕ ಹೆಚ್ಚಾದಷ್ಟೂ ಅಣ್ಣನಿಗೆ ಒಳ್ಳೆಯದೇ ಅಂದುಕೊಂಡಿದ್ದೆ.

ಮೂರು ತಿಂಗಳಾದ ಮೇಲೆ ಅದನ್ನೇ ನಂಬಿ ಅವನು ವರದಿ ಬರೆದು ಸಹಿ ಹಾಕಿದ. ಆಮೇಲೆ ಆದದ್ದನ್ನು ಅವನ ಜೊತೆಗಾರನೊಬ್ಬ ನನಗೆ ಹೇಳಿದ. “ನಡುವ ಎಂಟು ದಿನ ಔರಾದಿನಾಗ ಕರೆಂಟೇ ಇರ್ಲಿಲ್ಲ. ಆ ದಿನಾನೂ ಐದಕ್ಕ ಐದು ಹ್ಯಾಂಗ ಬಂತ್ರಿ?” ಎಂದರಂತೆ ಸಾಹೇಬರು. “ತಪ್ಪು ನಂದೇ ಅದರಿ, ನಾನೇ ಬರದೀನಿ” ಎಂದನಂತೆ ಅಣ್ಣ. ನೌಕರಿ ಹೋಯಿತು.

ನಿಜ ಹೇಳಿಬಿಡಬೇಕೆಂದು ಒಮ್ಮೆ ಬೀದರಿನ ಬಸ್ಸು ಹತ್ತಿದೆ. ಕೇಂದ್ರದ ಗೇಟಿನವರೆಗೂ ಹೋದೆ. ಅಷ್ಟೆತ್ತರದ ಟವರು ನೋಡಿ ಹೆದರಿ ತಿರುಗಿ ಬಂದೆ. ಅಣ್ಣ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಭಾಲ್ಕಿ ಸ್ಟೇಷನ್ನಿನಲ್ಲಿ, ಗುಳೆ ಹೊರಟವರ ಗಂಟುಮೂಟೆಗಳ ನಡುವೆ, ಅವನನ್ನು ಹೈದರಾಬಾದಿನ ಗಾಡಿ ಹತ್ತಿಸಿದೆ. ಅಲ್ಲಿ ಯಾವುದೋ ಟಿವಿ ರಿಪೇರಿ ಅಂಗಡಿಯಲ್ಲಿ ಕೆಲಸವಂತೆ.

“ಅಣ್ಣಾ, ಆ ನೋಟ್‌ಬುಕ್ಕು...” ಎಂದೆ.

“ಅದು ಬಿಡು. ನಿಮ್ಮ ಮನ್ಯಾಗ ಚಿತ್ರ ಖರೇನ ಹ್ಯಾಂಗ ಬರ್ತದ? ಅದು ಹೇಳು.”

“ಎರಡು.”

ಗಾಡಿ ಹೊರಟಿತು. ಈ ಮನುಷ್ಯ ಆಗಲಾದರೂ ಸುಮ್ಮನಿರಬೇಕಲ್ಲ! ಕಿಟಕಿಯಿಂದ ಕೈ ಚಾಚಿ, ಬೀದರಿನ ಕಡೆಗೆ ತೋರಿಸುತ್ತ, “ಹಿಂಗ ತಿರುಗಿಸು, ಇನ್ನೂ ಸ್ವಲ್ಪ ಹಿಂಗ” ಎಂದು ಕೂಗುತ್ತಲೇ ಹೋದ. ಮುಂದೆ ನಮ್ಮ ಮಾಳಿಗೆ ಹತ್ತಲು ಅವನು ಬರಲೇ ಇಲ್ಲ.